ಪಕ್ಕದ ಮನೆಯವರು ಕೊಟ್ಟ ಸರ್ಟಿಫಿಕೇಟು

"ಪಾಕಿಸ್ತಾನದ ವಿಷ್ಯ ಇವ್ರಿಗೆ ಗೊತ್ತಿಲ್ದಿದ್ದೇ ಇಲ್ಲ ಸಾರ್! ದಿನಾ ಬೆಳಿಗ್ಗೆ ಅಲ್ಲೀ ರೇಡಿಯೋನೇ ಕೇಳ್ತಾರೆ, ಬರ್ಕೋತಾರೆ!"

ಆರ್.ಟಿ. ನಗರದ ನಮ್ಮ ಪಕ್ಕದ ಮನೆಯ ಹನುಮಂತಪ್ಪನವರು, ನನ್ನ ಪಾಸ್‌ಪೋರ್ಟ್ ವಿಚಾರಣೆಗೆ ಬಂದಿದ್ದ ಪೊಲೀಸರಿಗೆ ಹೆಮ್ಮೆಯಿಂದ ಹೇಳಿದರು. ಅದು ಎಪ್ಪತ್ತರ ದಶಕದ ಕೊನೆ. ವಿದೇಶಾಂಗ ನೀತಿಯ ಸಂಶೋಧಕನಾದ ನನಗೆ ಆ ರೇಡಿಯೋ ಕೇಳುವುದೇ ಕೆಲಸ. ಲಂಡನ್ನಿನ ವಿಚಾರ ಸಂಕಿರಣಕ್ಕೆ ಮೊದಲ ಬಾರಿ ಕರೆ ಬಂದಿತ್ತು.

ಪೊಲೀಸರು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. "ಯಾಕ್ರೀ, ನಮ್ ರೇಡಿಯೋ ಸಾಲ್ದಾ?" ಎಂದರು. ನಾನು ವಿವರಿಸಿದಷ್ಟೂ ಅವರ ಮುಖ ಬಿಗಿಯಾಯಿತು.

ಸಂಕಿರಣ ಮುಗಿದುಹೋಯಿತು, ಪಾಸ್‌ಪೋರ್ಟ್ ಬರಲಿಲ್ಲ. "ಫಾರಿನ್‌ಗೆ ಯಾವಾಗ ಸಾರ್?" ಎಂದು ಹನುಮಂತಪ್ಪನವರು ಅಕ್ಕರೆಯಿಂದ ಕೇಳುತ್ತಲೇ ಇದ್ದರು. ನಾನು ಮಾತ್ರ ಅಂದಿನಿಂದ ಕಿಟಕಿ ಮುಚ್ಚಿ, ದನಿ ತಗ್ಗಿಸಿ, ಗೂಢಚಾರನ ಹಾಗೆಯೇ ರೇಡಿಯೋ ಕೇಳತೊಡಗಿದೆ.