ಸಡಿಲವಾಗಿ ಕಟ್ಟಿದ ಸೀರೆ

ಪಿರಿಯಾಪಟ್ಟಣದಿಂದ ಬರುವ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ನನ್ನ ಹೊಟ್ಟೆ ನೋಡಿ, ಎದ್ದು ಸೀಟು ಬಿಟ್ಟುಕೊಟ್ಟಳು. ನನಗಾಗ ನಲವತ್ತೊಂದು. ಆ ಹೊಟ್ಟೆಯಲ್ಲಿದ್ದ ಅವಳಿ ಮಕ್ಕಳು ಹೈಸ್ಕೂಲು ಸೇರಿಯಾಗಿತ್ತು. ಬಸುರಿಯಲ್ಲ ಕಣಮ್ಮ ಅನ್ನಲು ಬಾಯಿ ಬರದೆ ಸುಮ್ಮನೆ ಕೂತೆ. ಹಾಗೆ ಕೂತದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು.

ಹೆರಿಗೆಯಾದ ಮೇಲೆ ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಜೋತುಬಿದ್ದಿತ್ತು. ದಿನಾ ನಡೆದೆ, ರಾತ್ರಿಯ ಮುದ್ದೆ ಬಿಟ್ಟೆ. ಮುಖ ಸೊರಗಿತೇ ಹೊರತು ಹೊಟ್ಟೆ ಜಪ್ಪಯ್ಯ ಅನ್ನಲಿಲ್ಲ. ಜೋತ ಚರ್ಮ ತೆಗೆಸುವ ಆಪರೇಷನ್ ಮಾಡಿಸಿಕೊಳ್ಳಲಾ ಅಂತ ಮನೆಯಲ್ಲಿ ಕೇಳಿದರೆ, ಅತ್ತೆ ಎಂದಿನಂತೆ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಗಂಡ, "ನಂಗೇನೂ ಬೇಜಾರಿಲ್ಲ ಬುಡು" ಅಂದರು. ಇವರ ಬೇಜಾರನ್ನು ಯಾರು ಕೇಳಿದ್ದರು!

ಆಗ ಹೊಗೆಸೊಪ್ಪಿನ ಕಾಲ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಮುಗಿಸಿ, ಅದನ್ನು ಬೆಂಕಿ ಹಾಕಿ ಬೇಯಿಸಿ ಒಣಗಿಸುವ ಬ್ಯಾರನ್ನಿನ ಗೋಡೆಗೆ ಒರಗಿದರೆ ಬೆನ್ನಿಗೆ ಹಿತವಾದ ಶಾಖ, ಗಾಳಿಯಲ್ಲಿ ಸಿಹಿಯಾದ ವಾಸನೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ಜೊಂಪಿನಲ್ಲಿ ನನಗೆ ಹೊಟ್ಟೆಯೇ ಇರುತ್ತಿರಲಿಲ್ಲ. ಮದುವೆಗೆ ಮುಂಚಿನ ನೇರಳೆ ಸೀರೆ ಉಟ್ಟು ಕಾಲುವೆ ಏರಿಯ ಮೇಲೆ ನಡೆಯುತ್ತಿದ್ದೆ. ನೆರಿಗೆ ಜಾರುತ್ತಿರಲಿಲ್ಲ, ಏರಿ ಮುಗಿಯುತ್ತಲೂ ಇರಲಿಲ್ಲ. ಎಚ್ಚರವಾದಾಗ ಮೊದಲು ಕೈ ಹೋಗುತ್ತಿದ್ದದ್ದು ಹೊಟ್ಟೆಗೆ.

ಕೊನೆಗೆ ಒಬ್ಬಳೇ ಮೈಸೂರಿಗೆ ಹೋಗಿ ಸರ್ಜನ್ ಒಬ್ಬರನ್ನು ಕಂಡೆ. ಮಲಗಿಸಿ, ತಲೆ ಎತ್ತಲು ಹೇಳಿ, ಹೊಟ್ಟೆಯ ನಡುವೆ ಬೆರಳಿಟ್ಟು ನೋಡಿದರು. ಒಳಗಿನ ಸ್ನಾಯು ಎರಡು ಪಾಲಾಗಿದೆ, ಎಷ್ಟು ನಡೆದರೂ ಹೊಟ್ಟೆ ಒಳಗೆ ಹೋಗುವುದಿಲ್ಲ ಅಂದರು. ಆಪರೇಷನ್ ಮಾಡಿದರೆ ಸೊಂಟದ ಈ ಬದಿಯಿಂದ ಆ ಬದಿಗೆ ಗಾಯದ ಗೆರೆ ಕೊನೆತನಕ ಉಳಿಯುತ್ತದೆ, ವಾರಗಟ್ಟಲೆ ಒಂದು ಕೊಡವನ್ನೂ ಎತ್ತುವಂತಿಲ್ಲ ಅಂತಲೂ ಹೇಳಿದರು. ಆಮೇಲೆ, "ಬೀಡಿ, ತಂಬಾಕು ಏನಾದರೂ ಇದೆಯಾ?" ಅಂತ ಕೇಳಿದರು.

"ಅಯ್ಯೋ, ಅದನ್ನೆಲ್ಲ ನಾನು ಮುಟ್ಟೋದೇ ಇಲ್ಲ ಡಾಕ್ಟ್ರೇ" ಅಂದೆ.

ಬರೆದುಕೊಳ್ಳುತ್ತಿದ್ದವರು ನನ್ನ ಕೈ ನೋಡಿದರು. ಬೆರಳೆಲ್ಲ ಕಪ್ಪಗಿತ್ತು. "ಇದೇನು?"

"ಸೊಪ್ಪಿನ ಅಂಟು. ಎಷ್ಟು ತೊಳೆದರೂ ಹೋಗಲ್ಲ" ಅಂದವಳಿಗೆ ಆಮೇಲೆ ಹೊಳೆಯಿತು. ತಂಬಾಕು ಅಂದರೆ ಬೇರೆಯವರು ಸೇದುವುದು, ನಮ್ಮದು ಬರೀ ಸೊಪ್ಪು ಅಂತಲೇ ಇಷ್ಟು ವರ್ಷ ಬದುಕಿದ್ದೆ. ಹಸಿ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಗಾಯ ಮಾಯಲು ಬಿಡುವುದಿಲ್ಲ ಅಂತ ಅವರು ಹೇಳಿದಾಗ, ಒದ್ದೆ ಸೊಪ್ಪು ಮುರಿದ ದಿನಗಳ ತಲೆಸುತ್ತು, ವಾಂತಿ ನೆನಪಾಯಿತು. "ಸೊಪ್ಪಿನ ಕೆಲಸ ಪೂರ್ತಿ ನಿಲ್ಲಿಸಿ ಕೆಲವು ವಾರ ಕಳೆದ ಮೇಲೆ ಬನ್ನಿ. ಅಲ್ಲಿವರೆಗೆ ಬೇಕಾ ಬೇಡವಾ ಯೋಚಿಸಿ" ಅಂದರು.

ಸೊಪ್ಪಿನ ಕಾಲ ಮುಗಿದು ಬ್ಯಾರನ್ ತಣ್ಣಗಾಯಿತು, ಬೆರಳ ಕಪ್ಪು ಕರಗಿತು. ಬಸ್ಸಿನ ಹುಡುಗಿಯ ಮುಖ ಮರೆತೇಹೋಯಿತು. ನೇರಳೆ ಸೀರೆ ಮಾತ್ರ ಕನಸಿನಿಂದ ಹೋಗಲಿಲ್ಲ. ಹಾಗಾದರೆ ಈ ಆಪರೇಷನ್ ಯಾರ ಕಣ್ಣಿಗೋ ಅಲ್ಲ, ನನಗೇ ಬೇಕಾದದ್ದು ಅನ್ನಿಸಿತು. ಬೈಗುಳಕ್ಕೆ ತಯಾರಾಗಿಯೇ ಅತ್ತೆಗೆ ಹೇಳಿದೆ.

ಅವರು ಬೈಯಲಿಲ್ಲ. "ನೀ ಬಾಣಂತಿ ಆಗಿದ್ದಾಗ ಹಳೇ ಸೀರೇಲಿ ಹೊಟ್ಟೆ ಬಿಗೀತಿದ್ದೆ. ನೋವು ಅಂತ ನೀ ಅಳ್ತಿದ್ದೆ. ತಡೀನಾರದೆ ಸಡಿಲವಾಗಿ ಕಟ್ಬುಟ್ಟೆ. ಅದ್ಕೇ ಹಿಂಗಾಯ್ತು ಕಣವ್ವ" ಅಂದರು. ಇಷ್ಟು ವರ್ಷ ನನ್ನ ಹೊಟ್ಟೆ ಕಂಡಾಗೆಲ್ಲ ಅವರು ಮುಖ ತಿರುಗಿಸುತ್ತಿದ್ದದ್ದು ಇದಕ್ಕೆ! ಒಳಗಿನ ಸ್ನಾಯು ಬಿಟ್ಟುಕೊಂಡದ್ದು, ಕಟ್ಟಿನ ತಪ್ಪಲ್ಲ ಅಂದೆ. ನಂಬಲಿಲ್ಲ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹೊಟ್ಟೆಗೆ ಬಿಗಿಯಲು ಆಸ್ಪತ್ರೆಯವರು ಕೊಟ್ಟ ಬೆಲ್ಟನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ಅತ್ತೆಯೇ ಕಟ್ಟಿದರು. ಈ ಸಲ ಸಡಿಲ ಬಿಡದೆ ಎಳೆದು, ನನ್ನ ಮುಖ ನೋಡಿದರು.

"ನೋಯ್ತದಾ?"

ನೋಯುತ್ತಿತ್ತು. ಇಲ್ಲ ಅಂದೆ.