ಹನ್ನೊಂದನೆಯ ಎಲೆ

ನಮ್ಮ ಮನೆತನದ ಬೇಟೆಗೆ ಬಂದೂಕು ಇಲ್ಲ, ಬಲೆಯೂ ಇಲ್ಲ. ಬಿಲ್ಲು ಮಾತ್ರ. ಇದೊಂದು ದೊಡ್ಡ ನೇಮ ಎಂಬಂತೆ ನಮ್ಮವರು ಎದೆಯುಬ್ಬಿಸಿ ಹೇಳುತ್ತಾರೆ. ನನಗೆ ತಿಳಿದ ಮಟ್ಟಿಗೆ ಅಜ್ಜನಿಗೆ ಬಂದೂಕಿನ ಲೈಸೆನ್ಸ್ ಸಿಗಲಿಲ್ಲ, ಅಷ್ಟೇ. ಸಿಗದೇ ಹೋದದ್ದನ್ನು ಮುಂದಿನವರು ವ್ರತ ಮಾಡಿಕೊಂಡರು. ಹೋಳಿ ಹುಣ್ಣಿಮೆಯ ಮೇಲೆ ಬರುವ ಮೊದಲ ರವಿವಾರ ಮನೆಗೊಬ್ಬ ಗಂಡಸಿನಂತೆ ಹೊರಟು, ಐಹೊಳೆಯ ಕಡೆಯ ಗುಡ್ಡದಲ್ಲಿ ಒಂದು ಕಾಡುಹಂದಿ ಹೊಡೆದು, ಅಲ್ಲೇ ಪಾಲು ಹಾಕಿಕೊಂಡು ಬರುವುದು. ಕಾಯ್ದೆ ಇದಕ್ಕೆ ಒಪ್ಪುವುದಿಲ್ಲ. ಅದು ಗೊತ್ತಿತ್ತು, ಗೊತ್ತಿದ್ದೇ ಹೋಗುತ್ತಿದ್ದೆವು. ಈವರೆಗೆ ಸಿಕ್ಕಿಬಿದ್ದಿಲ್ಲ ಎಂಬುದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಪಾಲಿನ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಮಾಂಸವನ್ನು ಮುತ್ತುಗದ ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಒಬ್ಬ ಅವುಗಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಹಿರಿಯರು ಒಂದು ಎಲೆಯ ಮೇಲೆ ಕೈಯಿಟ್ಟು ‘ಇದು ಯಾರದು?’ ಎಂದು ಕೇಳುತ್ತಾರೆ. ಬೆನ್ನು ಮಾಡಿದವನು ಬಂದವರಲ್ಲಿ ಯಾವುದೋ ಒಂದು ಮನೆ ಹೇಳುತ್ತಾನೆ. ಕಾಣದೆ ಹೇಳುವುದರಿಂದ ಅದರಲ್ಲಿ ಮುಲಾಜಿಲ್ಲ, ಜಗಳವಿಲ್ಲ. ಹೇಳಿದ ಮೇಲೆ ತಿರುಗಿಸುವಂತೆಯೂ ಇಲ್ಲ. ನಡೆದು ಬಂದವರಿಗೆ ಮಾತ್ರ ಪಾಲು. ಯಾರಾದರೂ ಜ್ವರ ಬಂದು ಮಲಗಿದ್ದರೆ ಅವರ ಬಿಲ್ಲನ್ನು ಇನ್ನೊಬ್ಬರು ಹೊತ್ತು ತರಬಹುದು. ಬಿಲ್ಲು ಬಂದರೆ ಮನೆ ಬಂದಂತೆ. ಬಿಲ್ಲೂ ಬಾರದ ಮನೆ ಪಾಲಿನಿಂದ ಬಿತ್ತು. ಪಾಲಿನಿಂದ ಬಿದ್ದ ಮನೆಯನ್ನು ಆಮೇಲೆ ಮದುವೆಯ ಮಾತುಕತೆಗೆ, ದೇವರ ಪಾಳಿಗೆ ಕರೆಯುವುದೂ ನಿಲ್ಲುತ್ತದೆ. ಯಾರೂ ಹೊರಗೆ ಹಾಕುವುದಿಲ್ಲ. ಕರೆಯುವುದನ್ನು ಮರೆಯುತ್ತಾರೆ.

ನಾನು ಹೇಳಹೊರಟದ್ದು ಹೋದ ವರ್ಷದ ಬೇಟೆ. ಅಣ್ಣ ತೀರಿಕೊಂಡದ್ದು ಅದರ ಹಿಂದಿನ ಶ್ರಾವಣದಲ್ಲಿ. ನಾವಿಬ್ಬರೂ ಇಳಕಲ್ಲಿನಲ್ಲಿ ಪವರ್‌ಲೂಮ್ ಹಾಕಿಕೊಂಡವರು. ಒಂದೇ ಅಂಗಳ, ಎರಡು ಒಲೆ. ಅವತ್ತು ಬಾಗಲಕೋಟೆಗೆ ನೂಲು ನೋಡಲು ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಅಮೀನಗಡ ದಾಟಿದ ಮೇಲೆ ಅವನು ನನ್ನ ಹೆಗಲಿಗೆ ತಲೆ ಕೊಟ್ಟ. ನಿದ್ದೆ ಹತ್ತಿತು ಎಂದುಕೊಂಡೆ. ತಲೆ ಭಾರವಾಗಿತ್ತು, ಹೆಗಲು ನೋಯುತ್ತಿತ್ತು, ಮನಸ್ಸಿನಲ್ಲೇ ಬೈದುಕೊಂಡೆ ಕೂಡ. ಹುನಗುಂದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಂದು ಅವನ ಮುಖ ನೋಡಿ, ‘ಇವ್ರಿಗೇನಾಗೇತ್ರಿ?’ ಎಂದ. ದವಾಖಾನೆಯಲ್ಲಿ, ಜೀವ ಹೋಗಿ ಅರ್ಧ ತಾಸಾಗಿದೆ ಎಂದರು.

ನಾನು ಅಳಲಿಲ್ಲ. ಮಣ್ಣು ಕೊಡುವಾಗಲೂ ಅಳಲಿಲ್ಲ. ಜನ ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಒಳಗೆ ಏನೂ ಇರಲಿಲ್ಲ. ಹಸಿವಾದರೆ ಉಣ್ಣುತ್ತಿದ್ದೆ, ಕರೆಂಟ್ ಬಂದರೆ ಮಗ್ಗ ಹಾಕುತ್ತಿದ್ದೆ, ಹೋದರೆ ಸುಮ್ಮನೆ ಕೂರುತ್ತಿದ್ದೆ. ಯಾರಾದರೂ ಏನಾದರೂ ಕೇಳಿದರೆ ಬಾಯಿ ತಾನೇ ಉತ್ತರ ಕೊಟ್ಟುಬಿಡುತ್ತಿತ್ತು. ಏನು ಹೇಳಿದೆ ಎಂದು ನನಗೆ ಆಮೇಲೆ ಗೊತ್ತಾಗುತ್ತಿತ್ತು. ಒಮ್ಮೆ ಹೆಂಡತಿ ಚಹಾಕ್ಕೆ ಸಕ್ಕರೆ ಸಾಕೇ ಎಂದರೆ ‘ಮಂಗಳವಾರ’ ಎಂದಿದ್ದೆನಂತೆ. ಅವಳು ನಕ್ಕಳು, ಆಮೇಲೆ ಹೆದರಿದಳು.

ಬೇಟೆಯ ದಿನ ಬೆಳಗಿನ ಐದಕ್ಕೆ ವೈನಿ, ಅಂದರೆ ಅಣ್ಣನ ಹೆಂಡತಿ, ಅಂಗಳ ದಾಟಿ ಬಂದರು. ಕೈಯಲ್ಲಿ ಅಣ್ಣನ ಬಿಲ್ಲು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿತ್ತು.

‘ಇದನ್ನ ಹೊತಗೊಂಡು ಹೋಗು’ ಎಂದರು.

‘ಎರಡು ಬಿಲ್ಲು ತಗೊಂಡು ಏನ್ ಮಾಡ್ಲಿ, ವೈನಿ?’

‘ಒಂದು ಹೊಡ್ಯಾಕ, ಒಂದು ತೋರ್ಸಾಕ.’ ಅವರು ಸೆರಗು ಸರಿಪಡಿಸಿಕೊಂಡು, ತಡವರಿಸದೆ ಹೇಳಿದರು. ‘ತವರಿನವ್ರು ಬಂದ್ಬಿಡು ಅನ್ನಾಕತ್ತಾರ. ನಾ ಒಲ್ಲೆ ಅಂದೇನಿ. ಮಗಳ ಸಾಲಿ ಇಲ್ಲೈತಿ, ಮಗ್ಗ ಇಲ್ಲೈತಿ. ಆದ್ರ ನಿಮ್ಮ ಮಂದಿ ನಮ್ಮನ್ನ ಎಣಿಸ್ತಾರೋ ಇಲ್ಲೋ, ಅದು ಇವತ್ತ ತಿಳೀಲಿ. ಪಾಲು ಹಾಕುಮುಂದ ನಮ್ಮ ಮನಿ ಹೆಸರು ಬರ್ತದಲ್ಲ?’

‘ಬರ್ತದ್ರಿ’ ಎಂದಿತು ನನ್ನ ಬಾಯಿ.

ನಾವು ಹತ್ತು ಜನ ಒಂದು ಪಿಕಪ್ ಗಾಡಿಯಲ್ಲಿ ಹೊರಟೆವು. ಮುಂದಿನ ಸೀಟಿನಲ್ಲಿ ದೊಡ್ಡಪ್ಪ. ಅಪ್ಪ ಹೋದ ಮೇಲೆ ಮನೆತನದ ಹಿರಿತನ ಅವರದು. ಎಂಬತ್ತರ ಹತ್ತಿರ, ಆದರೆ ಗುಡ್ಡ ಏರುವಾಗ ನಮ್ಮನ್ನೇ ಹಿಂದೆ ಹಾಕುತ್ತಾರೆ. ಹಿಂದೆ ನಾವು, ಮೂರು ನಾಯಿ, ಮತ್ತು ದೊಡ್ಡಪ್ಪನಿಂದ ಬೇರೆ ಮನೆ ಮಾಡಿಕೊಂಡಿದ್ದ ಅವರ ಮಗ. ಅವನು ಆ ವರ್ಷ ಆನ್‌ಲೈನಿನಲ್ಲಿ ಬಿಲ್ಲು ತರಿಸಿದ್ದ. ಎರಡೂ ತುದಿಗೆ ಚಕ್ರ, ನಡುವೆ ದುರ್ಬೀನಿನಂಥದ್ದೊಂದು, ಮೂರು ಎಳೆಯ ಹೆದೆ. ದೊಡ್ಡಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಬಿಲ್ಲೋ ರಾಟಿಯೋ? ಹಂದಿ ಹೊಡೀತೀಯೋ, ನೂಲಿನ ಕಂಡಿಕಿ ಸುತ್ತತೀಯೋ?’ ಎಂದರು. ಗಾಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಎಲ್ಲರೂ ನಕ್ಕಾಗ ನಗಬೇಕು ಎಂಬುದು ನೆನಪಿತ್ತು.

ಐಹೊಳೆಯಲ್ಲಿ ನನ್ನ ಗೆಳೆಯನೊಬ್ಬ ಕಾಯುತ್ತಿದ್ದ. ಸಾಲಿಯಲ್ಲಿ ಜತೆಗೆ ಓದಿದವನು; ಈಗ ಗುಡಿ ನೋಡಲು ಬಂದವರಿಗೆ ಗೈಡ್, ಉಳಿದ ಹೊತ್ತು ಒಕ್ಕಲುತನ. ನಮ್ಮ ಹತ್ತರಲ್ಲಿ ಅವನಿಲ್ಲ, ಅವನು ಪಾಲೂ ಒಯ್ಯುವುದಿಲ್ಲ, ಏಕೆಂದರೆ ಅವರ ಮನೆಯಲ್ಲಿ ತಿನ್ನುವುದಿಲ್ಲ. ಆದರೆ ಹಂದಿಗಳು ಅವನ ಗೋವಿನಜೋಳವನ್ನು ಹೊರಳಾಡಿ ಹಾಳು ಮಾಡಿದ್ದವು, ಹಾಗಾಗಿ ದಾರಿ ತೋರಿಸಲು ಬಲು ಉಮೇದಿನಿಂದ ಬರುತ್ತಿದ್ದ. ದಾರಿ ತೋರಿಸುವಾಗಲೂ ಗೈಡಿನ ಚಟ ಬಿಡುತ್ತಿರಲಿಲ್ಲ. ‘ಎಡಗಡೆ ನೋಡ್ರಿ, ನಿನ್ನಿ ರಾತ್ರಿ ಹಾಕಿದ ಲದ್ದಿ’ ಎಂದು ಕೈ ಚಾಚಿ ಹೇಳಿದ.

ಬೇಸಿಗೆ ಹತ್ತಿದರೆ ಹಂದಿಗಳು ಬೆಳಗ್ಗೆ ಹೊಳೆಯ ಮಡುವಿಗೆ ನೀರಿಗೆ ಬರುತ್ತವೆ. ಆ ಕಾಲುದಾರಿಯ ಎರಡೂ ಬದಿಗೆ ಕೂತೆವು. ಕೆಂಪು ಬಂಡೆಗೆ ಬೆನ್ನು ಕೊಟ್ಟು, ನನ್ನ ಬಿಲ್ಲು ತೊಡೆಯ ಮೇಲೆ, ಅಣ್ಣನದು ಪಕ್ಕಕ್ಕೆ. ಬಂಡೆ ಇನ್ನೂ ತಣ್ಣಗಿತ್ತು. ಹಿಂದಿನ ವರ್ಷಗಳಲ್ಲಿ ಈ ಹೊತ್ತಿಗೆ ನನ್ನ ಅಂಗೈ ಬೆವರುತ್ತಿತ್ತು, ಅಣ್ಣ ಕಣ್ಣಿನಲ್ಲೇ ಗದರಿಸುತ್ತಿದ್ದ. ಈ ಸಲ ಬೆವರಲಿಲ್ಲ. ಒಂದು ಇರುವೆ ಮಣಿಕಟ್ಟಿನ ಮೇಲೆ ಹತ್ತಿ ಕಚ್ಚಿತು. ಕಚ್ಚುವುದನ್ನು ನೋಡಿದೆ.

ಬಿಸಿಲು ಬಂಡೆಯ ತುದಿಗೆ ತಾಗುವ ಹೊತ್ತಿಗೆ ಒಂದು ಗಂಡು ಹಂದಿ ಬಂತು. ದೊಡ್ಡಪ್ಪನ ಮಗ ಮೊದಲು ಬಿಟ್ಟ. ಬಾಣ ಕಲ್ಲಿಗೆ ಬಡಿದು ಟಣ್ ಎಂದಿತು. ಹಂದಿ ನನ್ನ ಕಡೆ ಹೊರಳಿತು. ಎಳೆದೆ, ಬಿಟ್ಟೆ. ಮುಂಗಾಲಿನ ಹಿಂದೆ ನೆಟ್ಟಿತು. ನಾಯಿಗಳು ಅಟ್ಟಿಕೊಂಡು ಹೋಗಿ ಹಳ್ಳದ ಪೊದೆಯಲ್ಲಿ ಹಿಡಿದು ನಿಲ್ಲಿಸಿದವು. ದೊಡ್ಡಪ್ಪ ಹತ್ತಿರ ಹೋಗಿ ಇನ್ನೊಂದು ಬಾಣದಲ್ಲಿ ಮುಗಿಸಿದರು. ಅದು ಸಾಯುವಾಗ ಮನುಷ್ಯರಂತೆ ಕೂಗುತ್ತದೆ. ಪ್ರತಿವರ್ಷ ಆ ಕೂಗಿಗೆ ನಾನು ಮುಖ ತಿರುಗಿಸುತ್ತಿದ್ದೆ. ಈ ವರ್ಷ ನೋಡುತ್ತ ನಿಂತಿದ್ದೆ.

‘ಕೈ ನಡಗ್ಲಿಲ್ಲ ನೋಡ್ಲೇ ನಿಂದು’ ಎಂದರು ದೊಡ್ಡಪ್ಪ. ‘ನಿಮ್ಮಣ್ಣನ ಕೈ ಬಂದೈತಿ ನಿನಗ.’

ಹೌದೆಂದು ತಲೆಯಾಡಿಸಿದೆ. ಆ ಮಾತಿಗೆ ಎದೆಯಲ್ಲಿ ಏನಾದರೂ ಆಗಬೇಕಿತ್ತು.

ಸುಟ್ಟು, ಕೆರೆದು, ಕಡಿದು ಮುಗಿಯುವಾಗ ಹತ್ತು ಗಂಟೆ. ಕರುಳು ಪರುಳನ್ನು ನಾಯಿಗಳಿಗೆ ಮೊದಲೇ ಎಸೆದಿದ್ದರು. ನಾಯಿಯ ಪಾಲು ಎಂದರೆ ಅಷ್ಟೇ, ಅದು ಎಲೆಗೆ ಬರುವುದಿಲ್ಲ. ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಗೆಳೆಯ ಮುತ್ತುಗದ ಎಲೆ ತಂದು ಹಾಸಿದ. ‘ನೀ ಬೆನ್ನು ಮಾಡಿ ನಿಲ್ಲು’ ಎಂದರು ದೊಡ್ಡಪ್ಪ ನನಗೆ. ಅಣ್ಣನ ಬಿಲ್ಲನ್ನು ಎತ್ತಿ, ಎಲೆಗಳ ಸಾಲಿನ ಪಕ್ಕದ ಬಂಡೆಗೆ ಅವರೇ ಒರಗಿಸಿದರು. ನಾನು ಹೊಳೆಯ ಕಡೆ ಮುಖ ಮಾಡಿ ನಿಂತೆ.

‘ಇದು ಯಾರದು?’

ದೊಡ್ಡಪ್ಪನ ಮಗನ ಮನೆ ಎಂದೆ. ಮುಂದಿನದು ಚಿಕ್ಕಪ್ಪನ ಮನೆ ಎಂದೆ. ಒಂದೊಂದೇ ಹೇಳುತ್ತ ಹೋದೆ. ಆಚೆ ದಂಡೆಯಲ್ಲಿ ಒಬ್ಬ ಹೆಣ್ಣುಮಗಳು ಬಟ್ಟೆ ಒಗೆಯುತ್ತಿದ್ದಳು. ಅವಳ ಕೈ ಮೊದಲು ಬಡಿಯುವುದು ಕಾಣುತ್ತಿತ್ತು, ಸಪ್ಪಳ ಆಮೇಲೆ ಬರುತ್ತಿತ್ತು. ಅದನ್ನೇ ನೋಡುತ್ತಿದ್ದೆ. ನನ್ನ ಮನೆಯದೂ ಆಯಿತು. ಹತ್ತೂ ಮುಗಿದವು.

‘ಇದು ಯಾರದು?’ ಎಂದರು ದೊಡ್ಡಪ್ಪ ಮತ್ತೆ.

ಹಿಂದೆ ಎಲ್ಲರೂ ಸುಮ್ಮನಾದರು. ಅಷ್ಟು ಜನ ಒಮ್ಮೆಲೇ ಸುಮ್ಮನಾದರೆ ಯಾರಿಗಾದರೂ ಎಚ್ಚರವಾಗಬೇಕು. ನನಗೆ ಕೇಳಿಸಿದ್ದು ನಾಯಿಗಳು ತೇಕುವ ಸಪ್ಪಳ ಒಂದೇ.

‘ನಾಯೀದು’ ಎಂದೆ.

ಯಾರೋ ಮೆಲ್ಲಗೆ, ‘ಇನ್ನೊಮ್ಮೆ ಕೇಳ್ರಿ ಯಜಮಾನ್ರ’ ಎಂದರು. ದೊಡ್ಡಪ್ಪ, ‘ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು’ ಎಂದರು. ನಾನು ತಿರುಗಿ ನೋಡುವಾಗ ಅವರು ಹನ್ನೊಂದನೆಯ ಎಲೆಯನ್ನು ಎತ್ತಿ ನಾಯಿಗಳ ಮುಂದೆ ಸುರಿಯುತ್ತಿದ್ದರು. ಒಳ್ಳೆಯ ತುಂಡುಗಳು, ತೊಡೆಯವು. ಆಗ ಅರ್ಥವಾಯಿತು. ತಪ್ಪಾಯಿತು ಎಂದು ಕಾಲು ಹಿಡಿಯಬಹುದಿತ್ತು. ನಾಯಿಗಳನ್ನು ಓಡಿಸಿ ತುಂಡುಗಳನ್ನು ಆರಿಸಿಕೊಳ್ಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ನನ್ನ ಪಾಲನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದೆ.

ಗಾಡಿ ಹತ್ತುವಾಗ ದೊಡ್ಡಪ್ಪ ನನ್ನ ರಟ್ಟೆ ಹಿಡಿದರು. ‘ನಾ ಬಾಯಿ ಬಿಟ್ಟು ಹೇಳಿದ್ರ ಅದು ನನ್ನ ಮುಲಾಜು ಆಕ್ಕಿತ್ತು. ಅದಕ್ಕ ನಿನ್ನ ನಿಲ್ಲಿಸಿದೆ. ಒಡಹುಟ್ಟಿದಾಂವ ಮರೀತಾನಂತ ತಿಳ್ದಿದ್ದಿಲ್ಲ’ ಎಂದರು. ಅವರ ಕಣ್ಣು ಕೆಂಪಾಗಿದ್ದವು. ನನಗೆ ನಾಚಿಕೆಯೂ ಆಗಲಿಲ್ಲ. ಬಿಸಿಲಾಗಿದೆ, ನೀರು ಕುಡಿಯಬೇಕು ಎನಿಸಿತು.

ವೈನಿ ಅಂಗಳದಲ್ಲೇ ಇದ್ದರು. ಒಣಕೊಬ್ಬರಿ, ಬೆಳ್ಳುಳ್ಳಿ, ಖಾರ ಎಲ್ಲ ಅರೆದಿಟ್ಟಿದ್ದರು, ದೊಡ್ಡ ಬೋಗುಣಿ ತೊಳೆದು ಬೋರಲು ಹಾಕಿದ್ದರು. ಬಿಲ್ಲನ್ನು ಕೊಟ್ಟೆ. ಅದನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ನನ್ನ ಚೀಲದ ಕಡೆ ನೋಡಿದರು.

‘ಇದು ನಮ್ಮ ಪಾಲ್ರಿ, ವೈನಿ. ಇದನ್ನ ತಗೋರಿ.’

‘ನಿಮ್ಮದು ನನಗ್ಯಾಕೋ? ನಮ್ಮದು ಎಲ್ಲೈತಿ?’

‘ನಾಯಿಗೆ ಹೋತ್ರಿ.’

‘ಯಾರು ಅಂದ್ರು ಹಂಗ?’

‘ನಾ.’

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಬೋಗುಣಿಯನ್ನು ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ಅವರ ಮನೆಯಿಂದ ಅದೇ ಮಸಾಲೆಯ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅಣ್ಣನ ಮಗಳು ಒಂದು ಬಟ್ಟಲು ಹಿಡಿದು ಬಂದಳು. ತುಂಬ ಬದನೆಕಾಯಿ.

‘ಕಾಕಾ, ಅವ್ವ ಕೊಟ್ಟಾಳ’ ಎಂದಳು. ‘ಬ್ಯಾಟಿ ದಿನ ನಮ್ಮ ಮನಿಯಿಂದ ನಿಮಗೊಂದು ಬಟ್ಟಲ ಬರಬೇಕಲ್ಲ, ಅದಕ್ಕ.’

ಕೊಟ್ಟ ಬಟ್ಟಲನ್ನು ಖಾಲಿ ತಿರುಗಿಸಬಾರದೆಂದು ನನ್ನ ಹೆಂಡತಿ ಅದರಲ್ಲಿ ನಮ್ಮ ಮಾಂಸದ ಸಾರು ಹಾಕಿದಳು. ನಾನೇ ಒಯ್ದೆ. ವೈನಿ ಬಟ್ಟಲೊಳಗೆ ನೋಡಿ, ‘ಇದು ಬ್ಯಾಡ, ಒಂದು ಹಿಡಿ ಸಕ್ಕರಿ ಹಾಕಿ ಕೊಡ್ರಿ ಸಾಕು’ ಎಂದರು. ಸಕ್ಕರೆ ಹಾಕಿ ಕೊಟ್ಟೆವು.

ಆಮೇಲಿನದು ಎಲ್ಲರಿಗೂ ಮೊದಲೇ ಗೊತ್ತಿದ್ದಂತೆಯೇ ನಡೆಯಿತು. ವೈಶಾಖದಲ್ಲಿ ಚಿಕ್ಕಪ್ಪನ ಮನೆಯ ಮದುವೆ. ಮಾತುಕತೆಗೆ ನನ್ನನ್ನು ಕರೆದರು. ವೈನಿಯ ಬಾಗಿಲಿಗೆ ಯಾರೂ ಬರಲಿಲ್ಲ. ಕೇಳಿದರೆ, ‘ಅಯ್ಯ, ಮರ್ತೇ ಬಿಟ್ವಿ’ ಎಂದರು. ಸುಳ್ಳೂ ಇರಲಿಲ್ಲ ಅದು. ಸಾಲಿಗೆ ರಜೆ ಬಂದಾಗ ವೈನಿ ಮಗ್ಗ ಬಿಟ್ಟು, ಮಗಳನ್ನು ಕರೆದುಕೊಂಡು ಬಾಗಲಕೋಟೆಯ ನವನಗರಕ್ಕೆ ಹೋದರು. ತವರಿಗೆ ಹೋಗಲಿಲ್ಲ. ಬಾಡಿಗೆ ಕೋಣೆ ಹಿಡಿದು, ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ. ಹೋಗುವಾಗ ಬಿಲ್ಲನ್ನು ತಾವೇ ಹಿಡಿದು ಬಸ್ಸು ಹತ್ತಿದರು. ನಾನು ಟ್ರಂಕು ಏರಿಸಿಕೊಟ್ಟೆ. ‘ಬರ್ತೇನಿ’ ಎಂದರು. ಬಸ್ಸು ತಿರುವು ದಾಟಿದ ಮೇಲೆ ಬಂದು ಮಗ್ಗ ಹಾಕಿದೆ.

ಈ ವರ್ಷವೂ ಬೇಟೆಗೆ ಹೋದೆ. ಹಂದಿ ಸಿಕ್ಕಿತು, ಈ ಸಲ ಹೊಡೆದದ್ದು ಚಕ್ರದ ಬಿಲ್ಲು. ನಾನು ಒಲ್ಲೆನೆಂದರೂ ದೊಡ್ಡಪ್ಪ ಬಿಡದೆ ನನ್ನನ್ನೇ ಬೆನ್ನು ಮಾಡಿ ನಿಲ್ಲಿಸಿದರು. ಹತ್ತು ಎಲೆ ಎಂದು ನಿಲ್ಲುವ ಮೊದಲೇ ಎಣಿಸಿದ್ದೆ. ಹತ್ತು ಸಲ ಕೇಳಿದರು, ಹತ್ತು ಮನೆ ಹೇಳಿದೆ.

‘ಮುಗೀತು, ಹೊಳ್ಳು’ ಎಂದರು.

ನಾನು ತಿರುಗಲಿಲ್ಲ. ‘ಇನ್ನೊಂದು ಕೇಳ್ರಿ, ದೊಡ್ಡಪ್ಪ’ ಎಂದೆ.

‘ಏನ್ ಕೇಳ್ಲಿ? ಎಲಿ ಇಲ್ಲ.’

‘ಇಲ್ಲದಿದ್ರೂ ಕೇಳ್ರಿ.’

ಅವರು ಮೊಣಕಾಲು ಹಿಡಿದು ಮತ್ತೆ ಕೂತದ್ದು, ಬರಿಯ ನೆಲದ ಮೇಲೆ ಅಂಗೈ ಊರಿದ್ದು ಬೆನ್ನಿಗೇ ತಿಳಿಯಿತು.

‘ಇದು ಯಾರದು?’

‘ಅಣ್ಣನ ಮನೀದು’ ಎಂದೆ. ಎನ್ನುತ್ತಿದ್ದಂತೆ ಒಂದೂವರೆ ವರ್ಷದ್ದು ಒಮ್ಮೆಲೇ ಬಂತು. ಹೊಳೆಯ ಕಡೆ ಮುಖ ಮಾಡಿಕೊಂಡೇ ಬಾಯಿ ತೆರೆದು ಅತ್ತೆ. ಹಿಂದಿನಿಂದ ಯಾರೂ ಬಂದು ಮುಟ್ಟಲಿಲ್ಲ. ಅಳು ಇಳಿಯುವವರೆಗೂ ದೊಡ್ಡಪ್ಪ ಕಾದರು. ಆಮೇಲೆ ಕೈಯ ಮಣ್ಣು ಝಾಡಿಸಿಕೊಳ್ಳುತ್ತ ಕೇಳಿದರು:

‘ಆ ಮನಿ ಈಗ ಎಲ್ಲೈತಲೇ?’