ರಸ್ತೆಗೆ ಕಾಣುವ ತೊಗರಿ

ಇವತ್ತು ಬೆಳಿಗ್ಗೆ ದಾವಣಗೆರೆ ಪೇಟೆಯ ಗೊಬ್ಬರದ ಅಂಗಡಿಯಲ್ಲಿ ನೆನೆದ ಯೂರಿಯಾ ಚೀಲವೊಂದು ಹರಿದಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನನ್ನ ಬೀಗರ ನೆನಪಾಯಿತು. ನಿಮ್ಮ ಬೀಗರು ನಿಮಗೆ ಯಾವುದರಿಂದ ನೆನಪಾಗುತ್ತಾರೋ ಗೊತ್ತಿಲ್ಲ, ನನ್ನವರು ಹೀಗೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಮಳೆ ನಂಬಿ ತೊಗರಿ ಬೆಳೆದೇ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆ ಕಟ್ಟಿದವನು. ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿಸಿ, ರೈಜೋಬಿಯಂ ಎಂಬ ಜೈವಿಕ ಗೊಬ್ಬರದ ಪುಡಿ ಕಲಸಿ ಬೀಜಕ್ಕೆ ಸವರುತ್ತೇನೆ. ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತುತ್ತೇನೆ. ಡಿಎಪಿ ಗೊಬ್ಬರ ಬೀಜಕ್ಕೆ ತಾಗದಂತೆ ಒಂದಿಷ್ಟು. ಆಮೇಲೆ ತೊಗರಿ ಬೇರಿನಲ್ಲಿ ಗಂಟು ಕಟ್ಟಿಕೊಂಡು ತನ್ನ ಗೊಬ್ಬರ ತಾನೇ ಮಾಡಿಕೊಳ್ಳುತ್ತದೆ. ಆ ಪುಡಿಯಲ್ಲಿರುವುದು ಜೀವ, ಬಿಸಿಲಿಗಿಟ್ಟರೆ ಸಾಯುತ್ತದೆ. ಇಷ್ಟು ತಿಳಿಯಲು ಕಾಲೇಜು ಬೇಡ, ಪ್ಯಾಕೆಟ್ಟಿನ ಮೇಲಿರುವುದನ್ನು ಓದಿದರೆ ಸಾಕು.

ಮಗಳು ಸುಮಾಳಿಗೆ ಹರಿಹರದ ಆಚೆಯಿಂದ ಒಂದು ಗಂಡು ಬಂತು. ಹುಡುಗನನ್ನು ಅವಳು ಆಗಲೇ ಮೆಚ್ಚಿದ್ದಳು. ರೂಢಿಯಂತೆ ನಾವು ಮನೆಯ ಜೊತೆ ಹೊಲವನ್ನೂ ನೋಡಲು ಹೋದೆವು. ಗಂಡಿನ ಅಪ್ಪ ರುದ್ರಪ್ಪನವರು ಇಸ್ತ್ರಿ ಅಂಗಿ ತೊಟ್ಟು, ರಸ್ತೆಯಲ್ಲೇ ನಿಂತು ಕೈ ಚಾಚಿದರು. ಆಳು ಮುಳುಗುವಷ್ಟು ಎತ್ತರದ ತೊಗರಿ, ಕಪ್ಪು ಹಸಿರು. ಹೂವನ್ನು ಮಾತ್ರ ಹುಡುಕಬೇಕಿತ್ತು.

"ಮೂರು ಸಲ ಯೂರಿಯಾ ಕೊಡ್ಸೀನ್ರಿ. ಹೆಂಗೈತೆ?" ಎಂದರು. "ಜೈವಿಕ ಗೊಬ್ಬರಾನೂ ಹಾಕೀವಿ. ಪ್ಯಾಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಸೂರ್ಯದೇವ್ರಿಗೆ ಕಾಣಂಗೆ ದಿನಾ ಮಾಳಿಗೆ ಮ್ಯಾಲಿಟ್ಟು ಪೂಜೆ ಮಾಡಿದ್ವಿ."

ಅಷ್ಟು ಭಕ್ತಿಯಿಂದ ಕೊಲ್ಲುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಗಿಡ ಕಿತ್ತು ಮಣ್ಣು ಕೊಡವಿದೆ. ಬೇರು ಬಾಚಿದ ಕೂದಲಿನಂತೆ ನುಣ್ಣಗಿತ್ತು; ಒಂದು ಗಂಟೂ ಇಲ್ಲ.

"ಗಿಡಕ್ಕೆ ಕುಂತಲ್ಲೇ ಉಣ್ಣೋ ಚಟ ಹಚ್ಚೀರಿ ಬಿಡ್ರಿ. ಕಾಳು ಯಾಕ ಕಟ್ಟೀತು?" ಎಂದೆ.

ಹೆಂಡತಿ ನನ್ನ ತೋಳು ಚಿವುಟಿದಳು. ರುದ್ರಪ್ಪನವರು, "ಹೆಣ್ಣು ಕೊಡಾಕೆ ಬಂದೋರು ಬೇರು ಕಿತ್ತು ನೋಡೋದು ಇದೇ ಮೊದ್ಲು ಕಂಡೆ," ಎಂದರು.

"ನನ್ ಮಗಳು ಉಣ್ಣೋದು ಬ್ಯಾಳೆ ಕಣ್ರಿ, ಸೊಪ್ಪಲ್ಲ."

ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಅಪ್ಪನ ಹಿಂದೆ ನಿಂತಿದ್ದ ಗಂಡು ಮಂಜುನಾಥ, "ಅಪ್ಪಾ, ಅವ್ರು ಅಂದಿದ್ದು ಖರೇ ಐತೆ. ನಾನೂ ಬ್ಯಾಡ ಅಂದಿದ್ದೆ," ಎಂದ. ನೆಂಟರ ಮುಂದೆ ಅಪ್ಪನಿಗೆ ಎದುರಾಡುವವನಿಗೆ ಹೆಣ್ಣು ಕೊಡಬಾರದೆನ್ನುತ್ತಾರೆ. ನಾನೋ ಅಲ್ಲೇ ಹುಡುಗನನ್ನು ಒಪ್ಪಿದೆ. ರುದ್ರಪ್ಪನವರನ್ನು ಒಪ್ಪಿಸಲು ಮಾತ್ರ ನನ್ನ ಹೆಂಡತಿ ಮತ್ತೆ ಮತ್ತೆ ಹರಿಹರದ ಬಸ್ಸು ಹತ್ತಬೇಕಾಯಿತು.

ಮದುವೆಯಾದ ಮೇಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಹೋದಾಗಲೆಲ್ಲ ಏನಾದರೂ ಕುಟುಕಿ ಬರುತ್ತಿದ್ದೆ. ಕಡೆಗೆ ಮಗಳೇ ಹೇಳಿದಳು: "ಅಪ್ಪಾ, ನೀನು ಬೈದು ಬಸ್ ಹತ್ತಿ ಹೋಗ್ತಿ. ಆಮ್ಯಾಲೆ ಮಾವ ಎರಡು ದಿನ ಊಟ ಬಿಡ್ತಾರ. ಇಲ್ಲಿ ಬಾಳೋಳು ನಾನು."

ಈಗ ಆ ಹೊಲವನ್ನು ಮಗಳು, ಅಳಿಯ ನೋಡಿಕೊಳ್ಳುತ್ತಾರೆ. ರಸ್ತೆಗೆ ತಾಗಿದ ನಾಲ್ಕು ಸಾಲು ಮಾತ್ರ ಬೀಗರದು. ಬಸ್ಸಿನಲ್ಲಿ ಹೋಗುವವರಿಗೆ ತೋರಿಸಲೆಂದು ಅಲ್ಲಿ ಇನ್ನೂ ಯೂರಿಯಾ ಸುರಿಯುತ್ತಾರೆ.

ಇವತ್ತು ಆ ಗೊಬ್ಬರದ ಅಂಗಡಿಯಿಂದ ನೇರ ಅಲ್ಲಿಗೇ ಹೋದೆ. ಬೀಗರು ಆ ಸಾಲುಗಳ ಮುಂದೆ ನನ್ನನ್ನು ನಿಲ್ಲಿಸಿ, "ಹೆಂಗೈತ್ರಿ ಬೀಗರೆ?" ಎಂದರು. ಬುತ್ತಿ ತಂದಿದ್ದ ಸುಮಾ ನನ್ನ ಬಾಯನ್ನೇ ನೋಡುತ್ತಿದ್ದಳು.

"ಭಾರಿ ಐತ್ರಿ," ಎಂದೆ.

ಅವಳು ತಲೆ ತಗ್ಗಿಸಿ ಬುತ್ತಿ ಬಿಚ್ಚಿದಳು. ಮೊದಲ ರೊಟ್ಟಿ ನನಗೆ ಕೊಟ್ಟಳು.